ಚಿಂಗಿ ಚೆನ್ನಾಗಿದ್ದಾಳೆ

ನಾಗಪುರ,
೩ ಮಾರ್ಚ್ ೧೯೯೪

ತಾಈಗೆ ತಂಗಿ ಶರಯೂ ಮಾಡುವ ನಮಸ್ಕಾರ.

ಇವರು ಹೋಗಿ ತಿಂಗಳಾಯಿತು. ನಿನ್ನ ಕಾರ್ಡು ತಲುಪಿತು. "ಸುದ್ದಿ ತಿಳಿಯಿತು. ದೇವರು ಶಾಂತಿ ಕೊಡಲಿ." ಯಾರಿಗೆ ಅಂತ ಬರೆದಿರಲಿಲ್ಲ, ನನಗೇ ಅಂದುಕೊಂಡೆ. ನೀನು ಬರಲಿಲ್ಲ ಅಂತ ಬೇಸರವಿಲ್ಲ. ಮಾಲವಣದಿಂದ ಇಲ್ಲಿಗೆ ಅಂದರೆ ಎರಡು ದಿನದ ಹಾದಿ, ನಿನಗೂ ಅರವತ್ತು ದಾಟಿತು. ಇಷ್ಟು ವರ್ಷ ದೀಪಾವಳಿಗೊಂದು ಕಾರ್ಡು ಬರೆದುಕೊಂಡೇ ಅಕ್ಕತಂಗಿಯರಾಗಿ ಉಳಿದವರು ನಾವು. ಈಗ ಎದುರು ಬದುರು ಕೂತು ಅಳೋಕೆ ಹೋದರೆ ಇಬ್ಬರಿಗೂ ಮುಜುಗರ.

ಮನೇಲಿ ನಾನೊಬ್ಬಳೇ. ಅಡುಗೆಯವಳು ಬಂದು ಎರಡು ಚಪಾತಿ ಮಾಡಿಟ್ಟು ಹೋಗ್ತಾಳೆ. ಮುಗ್ಧಾಳ ಕೋಣೆಗೆ ಇವರು ಬೀಗ ಹಾಕಿಸಿದ್ದರಲ್ಲ, ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ಅದನ್ನು ಒಡೆಸಿದೆ. ಒಳಗೆ ಮಂಚ ಇದೆ. ಮಂಚದ ಕಾಲಲ್ಲಿ ಬೆಕ್ಕಿನ ಉಗುರಿನ ಗೆರೆಗಳಿವೆ. ಅಷ್ಟೇ. ಬಟ್ಟೆ, ಪುಸ್ತಕ, ಫೋಟೋ ಎಲ್ಲ ಇವರು ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದರು. "ಮಗಳ ಸಾಮಾನು ಕಣ್ಣೆದುರಿದ್ದರೆ ನೀನು ಉಳಿಯಲ್ಲ" ಅನ್ನೋರು. ನಾನೇನೋ ಉಳಿದೆ.

ತಾಈ, ಕೇಳೋಕೆ ನಾಲಿಗೆ ಏಳಲ್ಲ, ಅದಕ್ಕೇ ಬರೀತಿದ್ದೀನಿ. ಚಿಂಗಿ ಇದ್ದಾಳಾ? ನನ್ನ ಮಗಳು ಎತ್ತಿ ಆಡಿಸಿದ ಜೀವ ಅಂತ ಈ ಭೂಮಿ ಮೇಲೆ ಉಳಿದಿದ್ದರೆ ಅದೊಂದೇ. ಇದ್ದರೆ ನನಗೆ ಕೊಡು. ನಾನೇ ಬಂದು ಕರಕೊಂಡು ಹೋಗ್ತೀನಿ. ಇವರಿದ್ದಾಗ ಆ ಹೆಸರು ಎತ್ತುವಂತಿರಲಿಲ್ಲ. ಈಗ ಬೇಡ ಅನ್ನೋರು ಯಾರೂ ಇಲ್ಲ.

ನಿನ್ನ,
ಶರಯೂ


ಮಾಲವಣ,
೧೨ ಮಾರ್ಚ್ ೧೯೯೪

ಚಿ. ಶರಯೂಗೆ ಆಶೀರ್ವಾದ.

ಚಿಂಗಿ ಚೆನ್ನಾಗಿದ್ದಾಳೆ. ನೀನು ನಾನು ಒಬ್ಬರಿಗೊಬ್ಬರು "ಚೆನ್ನಾಗಿದ್ದೀನಿ" ಅಂತ ಬರೀತೀವಲ್ಲ, ಆ ಥರ ಅಲ್ಲ. ನಿಜವಾಗಿ ಚೆನ್ನಾಗಿದ್ದಾಳೆ. ಬೆಳಿಗ್ಗೆ ಒಂದು ಬಂಗುಡೆ, ಸಂಜೆ ಒಂದು ಬಂಗುಡೆ. ನಡುವೆ ಪಕ್ಕದ ಮನೆ ಕಾರ್ಮಿನಾ ಮೀನು ಹೆಚ್ಚೋವಾಗ ಅವಳ ಕೈತಪ್ಪಿ ಬಿದ್ದದ್ದು ಲೆಕ್ಕಕ್ಕಿಲ್ಲ. ಈ ವಯಸ್ಸಲ್ಲೂ ಹಿತ್ತಿಲ ಗೋಡೆ ಹಾರ್ತಾಳೆ. ಮೈ ಮುಟ್ಟಿದರೆ ರೇಷ್ಮೆ. ನಮ್ಮ ಬೀದಿಯ ಇಲಿಗಳು ಅವಳ ಹೆಸರು ಹೇಳಿ ಮಕ್ಕಳನ್ನು ಮಲಗಿಸ್ತವೆ.

ಕೊಡೋದಿಲ್ಲ.

ನಿನಗೆ ನೆನಪಿಲ್ಲದಿದ್ದರೆ ನಾನು ನೆನಪಿಸ್ತೀನಿ. ಮುಗ್ಧಾ ಹೋದ ಹನ್ನೆರಡನೇ ದಿನ ನಿನ್ನ ಗಂಡ ಇವಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಫೀಸಿನ ಜವಾನನ ಕೈಗೆ ಕೊಟ್ಟು "ನದಿ ಆಚೆ ಬಿಟ್ಟು ಬಾ" ಅಂದರು. ನಾನು ಚೀಲ ಕಿತ್ತುಕೊಂಡೆ. ನೀನು ಗೋಡೆಗೊರಗಿ ಕೂತಿದ್ದೆ. "ಶರಯೂ, ನೀನಾದರೂ ಹೇಳೇ" ಅಂದೆ. ನೀನು ಹೇಳಿದೆ: "ತಗೊಂಡು ಹೋಗು, ಇಲ್ಲ ಬಾವಿಗೆ ಎಸಿ. ಅದರ ಕೂಗು ನನಗೆ ಕೇಳಿಸಬಾರದು."

ಬಾವಿಗೆ ಎಸೆಯಲಿಲ್ಲ. ಮಡಿಲಲ್ಲಿಟ್ಟುಕೊಂಡು ರೈಲಲ್ಲಿ, ಬಸ್ಸಲ್ಲಿ ಇಲ್ಲಿಗೆ ತಂದೆ. ದಾರಿಯುದ್ದಕ್ಕೂ ಮುಗ್ಧಾಳನ್ನು ಕೂಗಿ ಕೂಗಿ ಗಂಟಲು ಹೋಗಿತ್ತು ಅವಳಿಗೆ. ಆಮೇಲೆ ಎಷ್ಟೋ ವಾರ ಬಾಯಿ ತೆರೀತಿದ್ದಳು, ದನಿ ಬರ್ತಿರಲಿಲ್ಲ. ಹೀಗಾಗಿ ನಿನಗೆ ಕೂಗು ಕೇಳಿಸಿರಲಾರದು, ಚಿಂತೆ ಬೇಡ.

ಒಂಟಿಯಾಗಿದ್ದೀ ಅಂದರೆ ರೇಡಿಯೋ ತಗೋ.

ಕಾಲಿಂದಿ


ನಾಗಪುರ,
೨೧ ಮಾರ್ಚ್ ೧೯೯೪

ತಾಈ,

ನಿನ್ನ ಕಾಗದ ಓದಿ ಎರಡು ದಿನ ಉತ್ತರ ಬರೆಯಲಿಲ್ಲ. ಹೊಲಿಗೆ ಟೀಚರು ನೀನು, ಸೂಜಿ ಎಲ್ಲಿ ಚುಚ್ಚಿದರೆ ಎಲ್ಲಿ ಹೊರಗೆ ಬರತ್ತೆ ಅಂತ ಚೆನ್ನಾಗಿ ಗೊತ್ತು.

ಹೌದು, ಬಾವಿಗೆ ಎಸಿ ಅಂದೆ. ಒಂಬತ್ತು ವರ್ಷದ ಮಗಳನ್ನು ಮೆದುಳುಜ್ವರಕ್ಕೆ ಕೊಟ್ಟು ಕೂತವಳ ಬಾಯಿಂದ ಇನ್ನೇನು ಬರಬೇಕಿತ್ತು? ಆ ಬೆಕ್ಕು ಮಂಚದ ಮೇಲೆ ಹತ್ತೋದು, ದಿಂಬು ಮೂಸೋದು, ಇಳಿಯೋದು, ನನ್ನ ಮುಖ ನೋಡಿ ಕೂಗೋದು. ಮತ್ತೆ ಹತ್ತೋದು. ನಾನೇ ಎಲ್ಲೋ ಮುಗ್ಧಾಳನ್ನು ಬಚ್ಚಿಟ್ಟಿದ್ದೀನಿ ಅನ್ನೋ ಹಾಗೆ. ನೀನಾಗಿದ್ದರೆ ಏನು ಮಾಡ್ತಿದ್ದೆಯೋ. ಆದರೆ ನೀನು ಆಗಿರಲಿಲ್ಲ. ಹೆತ್ತಿದ್ದರೆ ತಾನೆ ಆಗೋದು.

ಇದನ್ನು ಹೊಡೆದುಹಾಕೋಣ ಅಂತ ಪೆನ್ನು ಎತ್ತಿದೆ. ಬೇಡ, ಇರಲಿ.

ಮುಗ್ಧಾ ಸ್ಕೂಲಿಂದ ಬರುವಾಗ ಲಂಗದ ಜೇಬಲ್ಲಿ ಇಟ್ಟುಕೊಂಡು ಬಂದಿದ್ದಳು ಚಿಂಗಿಯನ್ನ. "ಆಯೀ, ನನ್ನ ಜೇಬಲ್ಲಿ ಒಂದು ಗುಡುಗು ಇದೆ" ಅಂದಳು. ಮುಟ್ಟಿ ನೋಡಿದರೆ ಮರಿ ಗುರುಗುಟ್ಟುತ್ತಿತ್ತು. ಅತ್ತೆ ಮಡಿ ಮಡಿ ಅಂತ ಕಿರುಚಿದರು. ಈ ಮಾತನ್ನು ಹೇಳಿಕೊಳ್ಳೋಕೆ ಇಷ್ಟು ವರ್ಷ ನನಗೊಂದು ಕಿವಿ ಇರಲಿಲ್ಲ.

ನೀನು ಬರೆದ ಹಾಗೆ ಅವಳು ಅಷ್ಟು ಗಟ್ಟಿಮುಟ್ಟಾಗಿದ್ದರೆ ಇನ್ನೊಂದೆರಡು ವರ್ಷ ಬದುಕಿಯಾಳು. ಹದಿನೆಂಟು ವರ್ಷ ನೀನು ಉಂಡೆ. ಎಂಜಲು ನನಗೆ ಬಿಡು. ಕ್ಷಮೆ ಕೇಳಬೇಕು ಅಂತಿದ್ದರೆ ಅದನ್ನೂ ಹೇಳು, ಕೇಳ್ತೀನಿ.

ಶರಯೂ


ಮಾಲವಣ,
೨ ಏಪ್ರಿಲ್ ೧೯೯೪

ಶರಯೂ,

ಹೆತ್ತವಳು ಅಂತ ಎದೆ ತಟ್ಟಿಕೊಂಡೆಯಲ್ಲ, ಕೇಳು ಹಾಗಾದರೆ.

ಆ ಕೊನೆಯ ಸಂಜೆ ನೀನು ಎಲ್ಲಿದ್ದೆ? ಗಂಡನ ಸಾಹೇಬರ ಮನೇಲಿ ಸತ್ಯನಾರಾಯಣ ಪೂಜೆ. "ಹೋಗದಿದ್ದರೆ ಇವರಿಗೆ ಬಡ್ತಿ ತಪ್ಪತ್ತೆ, ಒಂದು ಗಂಟೆ ನೋಡ್ಕೋ ತಾಈ" ಅಂತ ಜರಿ ಸೀರೆ ಉಟ್ಟು ಹೋದೆ. ಮಗು ಕಣ್ಣು ಬಿಟ್ಟಾಗ ಪಕ್ಕದಲ್ಲಿದ್ದವಳು ನಾನು, ಕಾಲ ಬಳಿ ಇದ್ದದ್ದು ಚಿಂಗಿ. ಅವಳು ಆಯೀ ಅಂತ ಕರೆಯಲಿಲ್ಲ. ದೊಡ್ಡಮ್ಮನಾದ ನನ್ನನ್ನು "ಮಾವಶೀ" ಅಂತ ಕರೆದಳು. ಚಿಂಗಿಯನ್ನು ಎತ್ತಿ ಅವಳ ಎದೆ ಮೇಲೆ ಬಿಟ್ಟೆ. ಅದರ ಮೈಯೊಳಗೆ ಬೆರಳು ಹೂತು ಮಲಗಿದಳು. ನೀನು ಪ್ರಸಾದ ಹಿಡಕೊಂಡು ಬಂದಾಗ ಎಚ್ಚರ ತಪ್ಪಿತ್ತು. ಇದನ್ನು ನಿನಗೆ ಹೇಳಬಾರದು ಅಂತ ಸಾಯೋವರೆಗೂ ಬಾಯಿ ಮುಚ್ಚಿಕೊಂಡಿರೋಳಿದ್ದೆ. ಎಂಜಲು ಕೇಳಿದೆಯಲ್ಲ, ತಗೋ.

ಚಿಂಗಿ ಚೆನ್ನಾಗಿದ್ದಾಳೆ. ಅವಳಿಗೆ ನಿನ್ನ ನೆನಪಿಲ್ಲ. ಈ ಕಾಗದ ಬರೆಯೋವಾಗಲೂ ನನ್ನ ಪಾದದ ಮೇಲೇ ಮಲಗಿದ್ದಾಳೆ.

ಯುಗಾದಿ ಪಾಡವಾ ಹಬ್ಬದ ಮಾರನೇ ದಿನ ಕಣ್ಣಿನ ಪೊರೆ ತೆಗೆಸೋಕೆ ಕೊಲ್ಹಾಪುರಕ್ಕೆ ಹೋಗ್ತಿದ್ದೀನಿ. ಹತ್ತು ದಿನ ಅಲ್ಲೇ. ಕಾರ್ಮಿನಾ ಮನೆ ನೋಡ್ಕೋತಾಳೆ, ಅವಳಿಗೆ ಓದೋಕೆ ಬರಲ್ಲ. ಹಾಗಾಗಿ ನಿನ್ನ ಕಣ್ಣೀರನ್ನು ಅಂಚೆಗೆ ಹಾಕಿ ದಂಡ ಮಾಡಬೇಡ.

ಕಾಲಿಂದಿ


ಮಾಲವಣ, ನಿನ್ನ ಅಡುಗೆಮನೆ,
೧೬ ಏಪ್ರಿಲ್ ೧೯೯೪

ತಾಈ,

ಕಣ್ಣು ಕಾಣುವ ಹಾಗಾಗಿದ್ದರೆ ಓದು. ಚಿಂಗಿಯ ತಟ್ಟೆಯ ಕೆಳಗೆ ಇಟ್ಟು ಹೋಗ್ತಿದ್ದೀನಿ.

ನಿನ್ನ ಕಾರ್ಮಿನಾ ಒಳ್ಳೆಯವಳು. "ನಿಮ್ಮ ಟೀಚರುಬಾಯಿಯ ತಂಗಿ ನಾನು, ಅವಳೇ ಕಳಿಸಿದಳು, ಬೆಕ್ಕನ್ನು ನಾಗಪುರದ ಡಾಕ್ಟರಿಗೆ ತೋರಿಸಬೇಕಂತೆ" ಅಂದೆ. ಮುಖ ನೋಡಿದಳು, ನಂಬಿದಳು. ನಮ್ಮಿಬ್ಬರ ಮೂಗು ಒಂದೇ ಅಲ್ಲವಾ.

ಗೋಡೆ ಹಾರುವ ಬೆಕ್ಕನ್ನು ಹಿಡಿಯೋಕೆ ಅಂತ ನಾನು ಮುಚ್ಚಳದ ಬುಟ್ಟಿ ತಂದಿದ್ದೆ, ಹಗ್ಗ ತಂದಿದ್ದೆ. ಎರಡು ಬಂಗುಡೆ ತಿನ್ನೋ ಬೆಕ್ಕಿಗೆ ಅಂತ ಪೇಟೇಲಿ ಮೀನೂ ತಗೊಂಡಿದ್ದೆ. ಕಾರ್ಮಿನಾ ಒಲೆಯ ಪಕ್ಕ ತೋರಿಸಿದಳು. ನಿನ್ನ ಹಳೇ ಸೀರೆ ಮಡಿಸಿಟ್ಟಿತ್ತು. ಅದರಲ್ಲಿ ಏನೂ ಕಾಣಲಿಲ್ಲ ನನಗೆ. ಬಗ್ಗಿ ನೋಡಿದರೆ, ಮುರಿದ ಛತ್ರಿ ಮಡಿಸಿಟ್ಟ ಹಾಗೆ ಮೂಳೆ. ಎರಡು ಕಣ್ಣೂ ಬೆಳ್ಳಗೆ. ಬಾಯಲ್ಲಿ ಒಂದೂ ಹಲ್ಲಿಲ್ಲ. ಪಕ್ಕದಲ್ಲಿ ಗಂಜಿತಿಳಿ, ಹತ್ತಿ, ಮೈ ಒರೆಸೋ ಬಟ್ಟೆ.

"ಎಷ್ಟು ದಿನದಿಂದ ಹೀಗೆ?" ಅಂದೆ.

"ಕ್ರಿಸ್ಮಸ್ ಮುಂಚಿನಿಂದ" ಅಂದಳು. "ಬಾಯೀ, ಇದನ್ನ ಅಷ್ಟು ದೂರ ಒಯ್ಯಬೇಡಿ. ಇದು ಇವತ್ತು ನಾಳೆ ಅಂತಿದೆ. ಟೀಚರುಬಾಯಿ ಬರೋವರೆಗೂ ಇರು ಅಂತ ನಾನು ದಿನಾ ಇದರ ಕಿವೀಲಿ ಹೇಳ್ತಿದ್ದೀನಿ."

ಎರಡು ಕಾಗದ ಬರೆದೆ ತಾಈ ನೀನು. ಎರಡರಲ್ಲೂ ಚೆನ್ನಾಗಿದ್ದಾಳೆ ಅಂದೆ. ಇವಳು ಸತ್ತು ಮಣ್ಣಾದ ಮೇಲೆ ನನಗೊಂದು ಕಾರ್ಡು ಬರೀತಿದ್ದೆ, ಅಲ್ಲವಾ? "ಚಿಂಗಿ ತೀರಿಕೊಂಡಳು. ದೇವರು ಶಾಂತಿ ಕೊಡಲಿ." ಮುಗ್ಧಾಳ ಕೊನೆ ಗಳಿಗೆ ನಿನ್ನ ಪಾಲಿಗೆ ಬಂತು. ಇದೂ ನಿನಗೇ ಬೇಕಾಗಿತ್ತು.

ಸಾಯ್ತಾಳೆ ಅಂತ ನೋಡಿಯೇ ಒಯ್ತಿದ್ದೀನಿ. ಈ ಸಲ ಕಾರ್ಡು ನಾನು ಬರೀತೀನಿ.

ಮೀನು ಕಾರ್ಮಿನಾಗೆ ಕೊಟ್ಟಿದ್ದೀನಿ.

ಶರಯೂ


ಮಾಲವಣ,
೨೪ ಏಪ್ರಿಲ್ ೧೯೯೪

ಶರಯೂ,

ಅಕ್ಷರ ದೊಡ್ಡದಾಗಿದೆ, ಸಾಲು ಸೊಟ್ಟಗಿದೆ, ಹೊಂದಿಸಿಕೊಂಡು ಓದು. ಎರಡೂ ಕಣ್ಣಿನ ಪೊರೆ ತೆಗೆದರು, ಒಂದರ ಪಟ್ಟಿ ಇನ್ನೂ ಬಿಚ್ಚಿಲ್ಲ. ಬಗ್ಗಬಾರದು, ಅಳಬಾರದು ಅಂದಿದ್ದಾರೆ ಡಾಕ್ಟರು. ಎರಡೂ ಮಾಡಿಯಾಯಿತು.

ನಾನು ಈಗ ಜಗಳಕ್ಕೆ ಬರೀತಿಲ್ಲ. ಅವಳು ಇದ್ದರೆ ಇವಿಷ್ಟು ಮಾಡು. ನೀರನ್ನು ಹತ್ತೀಲಿ ಅದ್ದಿ ತುಟಿಯ ಪಕ್ಕದಿಂದ ಬಿಡು, ಎದುರಿಂದ ಬಿಟ್ಟರೆ ನೆತ್ತಿಗೇರತ್ತೆ. ಹೊಟ್ಟೆಯಡಿ ಕೈ ಹಾಕಿ ಎತ್ತಬೇಡ, ನೋಯತ್ತೆ. ಎದೆಗೂ ಹಿಂಗಾಲಿಗೂ ಒಟ್ಟಿಗೆ ಕೈ ಕೊಡು. ಒದ್ದೆ ಮಾಡಿಕೊಂಡರೆ ತಕ್ಷಣ ಒರೆಸು, ಅವಳಿಗೆ ನಾಚಿಕೆ ಜಾಸ್ತಿ. ಕಣ್ಣಿಲ್ಲವಾದ್ದರಿಂದ ಮುಟ್ಟೋ ಮುಂಚೆ ಮಾತಾಡು, ಇಲ್ಲಾಂದರೆ ಬೆಚ್ಚಿ ಬೀಳ್ತಾಳೆ. ಏನಾದರೂ ಮಾತಾಡು. ನಾನು ಪೇಟೇಲಿ ಯಾವ ಮೀನಿಗೆ ಎಷ್ಟಂದರು ಅಂತ ಹೇಳ್ತಿದ್ದೆ.

ಯಾಕೆ ಸುಳ್ಳು ಬರೆದೆ ಅಂತ ಕೇಳ್ತೀಯ. ಸಾಯ್ತಿದ್ದಾಳೆ ಅಂತ ಬರೆದಿದ್ದರೆ ನೀನು ಓಡಿ ಬರ್ತಿದ್ದೆ. ಬಂದು ಅವಳ ತಲೆ ಹತ್ತಿರ ಕೂತು ಮುಗ್ಧಾ ಮುಗ್ಧಾ ಅಂತ ಅಳ್ತಿದ್ದೆ. ಆಗ ಅವಳು ಮುಗ್ಧಾಳ ಬೆಕ್ಕಾಗಿ ಸಾಯ್ತಿದ್ದಳು. ನನ್ನ ಬೆಕ್ಕಾಗಿ ಅಲ್ಲ. ನನಗೆ ಅಂತ ಇರೋದು ಅವಳೊಬ್ಬಳೇ, ಅವಳನ್ನು ನಾನೇ ಕಳಿಸಬೇಕು ಅಂದುಕೊಂಡೆ.

ಬಿಟ್ಟು ಯಾಕೆ ಹೋದೆ ಅಂತಲೂ ಕೇಳ್ತೀಯ. ನನ್ನ ಎರಡೂ ಕಣ್ಣು ಮಬ್ಬಾಗಿ ಅವಳ ಮುಖ ಕಾಣ್ತಿರಲಿಲ್ಲ ಶರಯೂ. ಬೂದುಬಣ್ಣದ ಒಂದು ಮುದ್ದೆ ಅಷ್ಟೇ. ಮುಖ ನೋಡದೆ ಕಳಿಸೋದು ಹೇಗೆ? ಅದಕ್ಕೇ ಪೊರೆ ತೆಗೆಸಿದೆ. ಬಸ್ಸಿಳಿದು ಬಂದರೆ ಎಲ್ಲ ಸ್ಪಷ್ಟ ಕಾಣ್ತಿದೆ. ತಟ್ಟೆಯ ಒಡಕು ಕೂಡ ಕಾಣ್ತಿದೆ.

ಬೇಡಿಕೊಳ್ತೀನಿ. ಇದ್ದಾಳೋ ಇಲ್ಲವೋ ಒಂದು ಸಾಲು ಬರೆ.

ತಾಈ


ನಾಗಪುರ,
೮ ಮೇ ೧೯೯೪

ತೀರ್ಥರೂಪ ತಾಈಗೆ ನಮಸ್ಕಾರ.

ಚಿಂಗಿ ಚೆನ್ನಾಗಿದ್ದಾಳೆ.

ಗಾಬರಿಯಾಗಬೇಡ. ರೈಲಲ್ಲಿ ಸ್ವಲ್ಪ ಸುಸ್ತಾಗಿದ್ದಳು. ಇಲ್ಲಿ ಒಬ್ಬರು ಪ್ರಾಣಿ ಡಾಕ್ಟರಿದ್ದಾರೆ, ಮನೆಗೇ ಬರ್ತಾರೆ. ಮೂರು ಇಂಜೆಕ್ಷನ್ ಕೊಟ್ಟರು, ಎದ್ದು ಕೂತಳು. "ಇವಳನ್ನು ಇಷ್ಟು ದಿನ ಯಾರು ನೋಡಿಕೊಳ್ತಿದ್ದರು, ಬರೀ ಗಂಜಿ ಕೊಟ್ಟು ಕೊಂದುಬಿಡ್ತಿದ್ದರಲ್ಲ" ಅಂದರು. ನಿನ್ನ ಹೆಸರು ಹೇಳಲಿಲ್ಲ, ನಿಶ್ಚಿಂತೆಯಿಂದಿರು.

ಮುಗ್ಧಾಳ ಮಂಚದ ಮೇಲೆ ಹಾಸಿಗೆ ಹಾಕಿಸಿದ್ದೀನಿ. ಬಂದ ದಿನ ಕೆಳಗೆ ಬಿಟ್ಟೆ. ಕಣ್ಣಿಲ್ಲದಿದ್ದರೂ ನೇರ ಆ ಕೋಣೆಗೇ ಹೋದಳು. ಮಂಚದ ಕಾಲು ಮೂಸಿದಳು. ಆಮೇಲೆ ನನ್ನ ಕೈ ಮೂಸಿ ಗುರುಗುಟ್ಟಿದಳು. ಗುಡುಗು, ತಾಈ. ಅದೇ ಗುಡುಗು. ನನ್ನ ನೆನಪಿಲ್ಲ ಅಂದಿದ್ದೆಯಲ್ಲ.

ನಿನ್ನ ಕಣ್ಣು ಈಗ ಚೆನ್ನಾಗಿ ಕಾಣತ್ತೆ ಅಂತ ಬರೆದೆ. ಸಂತೋಷ. ಸಮುದ್ರ ನೋಡು.

ಶರಯೂ


ಮಾಲವಣ,
೧೭ ಮೇ ೧೯೯೪

ಚಿ. ಶರಯೂಗೆ ಅನೇಕ ಆಶೀರ್ವಾದ.

ನಿನ್ನ ಕಾಗದ ಬಂದಾಗಿನಿಂದ ಎಷ್ಟು ಸಲ ಓದಿದೆನೋ. ಕಾರ್ಮಿನಾಗೂ ಓದಿ ಹೇಳಿದೆ. "ನೋಡಿದ್ರಾ ಬಾಯೀ, ನಾನು ನಿಮ್ಮ ತಂಗೀನ ಸುಮ್ಮನೆ ಬೈಕೊಂಡೆ" ಅಂತ ಕೆನ್ನೆ ಕೆನ್ನೆ ಬಡಕೊಂಡಳು. ನಾನೂ ಬೈದಿದ್ದೆ. ಅವಳಿಗಿಂತ ಕೆಟ್ಟ ಬೈಗುಳ.

ನನ್ನ ಕೈಲಿ ಆಗದ್ದು ನಿನ್ನ ಡಾಕ್ಟರ ಕೈಲಿ ಆಯಿತು ಅಂದರೆ ನನಗೆ ಹೊಟ್ಟೆಕಿಚ್ಚಿಲ್ಲ. ಇದೆ, ಇಲ್ಲ ಅಂದರೆ ಸುಳ್ಳಾಗತ್ತೆ. ಆದರೂ ಅವರಿಗೆ ನನ್ನ ಕಡೆಯಿಂದ ಕೈಮುಗಿ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೀನಿ. ಸುಕಟ, ಒಣಸೀಗಡಿ. ಕಾರ್ಮಿನಾ ತಾನೇ ಮರಳ ಮೇಲೆ ಒಣಗಿಸಿದ್ದು. ಬಿಸಿ ಕಾವಲಿ ಮೇಲೆ ಬಾಡಿಸಿ, ಪುಡಿ ಮಾಡಿ, ಗಂಜಿಗೆ ಒಂದು ಚಿಟಿಕೆ ಹಾಕು. ವಾಸನೆಗೆ ಆಸೆಪಟ್ಟು ತಿಂತಾಳೆ. ನಿನ್ನ ಗಂಡನ ಕಡೆಯ ಮಡಿವಂತರ ಮನೇಲಿ ಮೀನು ಬೇಯಿಸಿದರೆ ಹಿರಿಯರ ಫೋಟೋಗಳೆಲ್ಲ ಗೋಡೆಯಿಂದ ಬೀಳ್ತವೇನೋ. ಬಿದ್ದರೆ ಬೀಳಲಿ.

ಶರಯೂ, ಒಂದು ಸಲ ಬರಲಾ? ಒಳಗೆ ಬರಲ್ಲ. ಬಾಗಿಲಲ್ಲೇ ನಿಂತು ನೋಡ್ತೀನಿ. ಮಾತಾಡಬೇಡ ಅಂದರೆ ಮಾತಾಡಲ್ಲ, ನನ್ನ ದನಿ ಕೇಳಿ ಅವಳು ಎದ್ದು ಬಂದುಬಿಟ್ಟರೆ ನಿನಗೆ ಕಷ್ಟ.

ತಾಈ


ನಾಗಪುರ,
೨೬ ಮೇ ೧೯೯೪

ತೀ. ತಾಈಗೆ,

ಸುಕಟ ತಲುಪಿತು. ಚಿಂಗಿ ಚಪ್ಪರಿಸಿಕೊಂಡು ತಿಂದಳು. ತಟ್ಟೆ ನೆಕ್ಕಿ ಇನ್ನೂ ಬೇಕು ಅಂತ ನನ್ನ ಸೀರೆ ಎಳೀತಿದ್ದಾಳೆ. ಸಾಧ್ಯವಾದರೆ ಇನ್ನಷ್ಟು ಕಳಿಸು, ಸ್ವಲ್ಪ ದೊಡ್ಡ ಪೊಟ್ಟಣ. ಹಾಗೇ ಕೋಕಂ ಸಿಪ್ಪೆಯನ್ನೂ ಹಾಕು.

ಬರೋದು ಬೇಡ. ಇಲ್ಲಿ ಬಿಸಿಲಿಗೆ ಕಾಗೆ ಬಾಯಿ ಬಿಟ್ಟುಕೊಂಡು ಕೂತಿದೆ, ಕಣ್ಣಿನ ಆಪರೇಶನ್ ಆದವಳು ನೀನು. ಅಲ್ಲದೆ ಡಾಕ್ಟರು ಅವಳ ಮನಸ್ಸು ಕಲಕಬಾರದು ಅಂದಿದ್ದಾರೆ. ಮಳೆಗಾಲ ಮುಗೀಲಿ, ನೋಡೋಣ.

ಶರಯೂ


ಮಾಲವಣ,
೧೪ ಜೂನ್ ೧೯೯೪

ಶರಯೂ,

ನಿನ್ನ ಮಾತು ಮೀರಿ ನಾಗಪುರಕ್ಕೆ ಬಂದದ್ದು ನನ್ನ ತಪ್ಪು. ಮಳೆಗಾಲ ಮುಗಿಯೋವರೆಗೆ ಅವಳು ಇರ್ತಾಳಾ ಅನ್ನೋ ಹೆದರಿಕೆ. ಪೊಟ್ಟಣವನ್ನು ಅಂಚೆಗೆ ಹಾಕದೆ ಕೈಲೇ ತಂದೆ.

ನೀನು ಬಾಗಿಲು ಅರ್ಧ ತೆರೆದೆ. ನನ್ನನ್ನು ನೋಡಿ ನಿನ್ನ ಮುಖ ಸುಣ್ಣ ಬಳಿದ ಹಾಗಾಯಿತು. ಒಳಗಿಂದ ಸುಕಟ ಹುರಿದ ವಾಸನೆ ಬಂತು. ಆ ವಾಸನೆಗೆ, ಇದ್ದಾಳೆ ಅಂದುಕೊಂಡೆ.

"ಮಲಗಿದ್ದಾಳೆ" ಅಂದೆ ನೀನು.

"ಮಲಗಿರಲಿ. ಇಲ್ಲೇ ಕೂತಿರ್ತೀನಿ, ಏಳಲಿ" ಅಂದೆ ನಾನು.

"ಡಾಕ್ಟರು ಬೇಡ ಅಂದಿದ್ದಾರೆ ಅಂತ ಬರೆದಿದ್ದೆನಲ್ಲ."

"ಉಸಿರಾಡೋದು ಕೇಳಿಸಿಕೊಂಡು ಹೋಗ್ತೀನಿ. ಅಷ್ಟು ದೂರದಿಂದ ಬಂದಿದ್ದೀನಿ ಕಣೇ."

ಆಗ ಪಕ್ಕದ ಮನೆಯಾಕೆ ಹೊರಗೆ ಬಂದಳು. ಯಾರು ಏನು ಅಂತ ವಿಚಾರಿಸಿದಳು. "ಬೆಕ್ಕು ನೋಡೋಕೆ ಬಂದೆ" ಅಂದೆ. "ಯಾವ ಬೆಕ್ಕು? ಶರಯೂತಾಈ ಬೆಕ್ಕು ಯಾವಾಗ ಸಾಕಿದರು?" ಅಂದಳು.

ನೀನು ನಕ್ಕೆ. ನಿನ್ನ ನಗುವನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. "ರೈಲಲ್ಲೇ ಸತ್ತುಹೋಯಿತು ತಾಈ, ನಾಗಪುರ ತಲುಪಲೇ ಇಲ್ಲ" ಅಂದೆ. "ಮತ್ತೆ ಇಂಜೆಕ್ಷನ್ನು? ಮಂಚ? ಸುಕಟ?" ಅಂದೆ ನಾನು, ಪೆದ್ದಿಯ ಹಾಗೆ ಒಂದೊಂದಾಗಿ. "ನೀನು ಕಾಗದದಲ್ಲಿ ಅವಳನ್ನು ಗೋಡೆ ಹಾರಿಸಿದೆ, ನಾನು ಮಂಚ ಹತ್ತಿಸಿದೆ" ಅಂದೆ ನೀನು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀನು ಒಳಗೆ ಹೋಗಿ ಒಂದು ಲೋಟ ನೀರು ತಂದು, ನಿಂತುಕೊಂಡೇ ಕೊಟ್ಟೆ. ನಾನು ಕುಡಿದೆ. ಆ ನೀರು ಕುಡಿದೆನಲ್ಲ ಅಂತ ದಾರಿಯುದ್ದಕ್ಕೂ ನನ್ನನ್ನೇ ಬೈಕೊಂಡೆ. ಪೊಟ್ಟಣ ಅಲ್ಲೇ ಬಿಟ್ಟು ಬಂದೆ. ಅದೇ ದಿನ ವಾಪಸು ರೈಲು ಹತ್ತಿದೆ.

ಕಾರ್ಮಿನಾ ಕೇಳಿದಳು. "ಚೆನ್ನಾಗಿದ್ದಾಳೆ" ಅಂದೆ. ಮೋಸ ಹೋದೆ ಅಂತ ಹೇಳಿಕೊಳ್ಳೋಕೆ ಬಾಯಿ ಬರಲಿಲ್ಲ.

ಹೇಗೆ ಸತ್ತಳು, ಎಲ್ಲಿಟ್ಟೆ, ಎರಡು ಮಾತು ಬರೆ. ಆಮೇಲೆ ನಿನ್ನನ್ನು ಏನೂ ಕೇಳಲ್ಲ.

ಕಾಲಿಂದಿ


ನಾಗಪುರ,
೩ ಜುಲೈ ೧೯೯೪

ತಾಈ,

ಕೇಳಿದ್ದೀಯ, ಹೇಳ್ತೀನಿ.

ಪುಣೆಯವರೆಗೂ ಸುಮ್ಮನಿದ್ದಳು. ಆಮೇಲೆ ಕೂಗೋಕೆ ಶುರು ಮಾಡಿದಳು. ದೊಡ್ಡ ಕೂಗಲ್ಲ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. ಎದುರು ಸೀಟಿನ ಹೆಂಗಸು ಸೆರಗಿಂದ ಮೂಗು ಮುಚ್ಚಿಕೊಂಡು "ಏನ್ರೀ ಅದು ಬುಟ್ಟೀಲಿ?" ಅಂದಳು. ಬೆಕ್ಕು ಅಂದೆ. ಅವಳ ಗಂಡ "ಸಾಯೋ ಬೆಕ್ಕಿಗೆ ಸೀಟು ಹಿಡಿದಿದ್ದೀರಲ್ಲ, ಬದುಕಿರೋ ನಾವು ನಿಂತಿದ್ದೀವಿ" ಅಂದ. ರೈಲಿನ ಡಬ್ಬಿಯೆಲ್ಲ ನಕ್ಕಿತು. ನಾನು ಬುಟ್ಟಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡೆ. ಒದ್ದೆ ಮಾಡಿಕೊಂಡಳು. ನನ್ನ ಸೀರೇಲೇ ಒರೆಸಿದೆ.

ಮುಗ್ಧಾಳ ಹೆಸರು ಹೇಳಿದೆ. ಅವಳ ಕಿವೀಲಿ ಎಷ್ಟು ಸಲ ಹೇಳಿದೆನೋ. ಆ ಹೆಸರಿಗೆ ಒಂದು ಸಲವಾದರೂ ಕಿವಿ ಅಲ್ಲಾಡಿಸ್ತಾಳೆ ಅಂತ ಕಾದೆ. ಇಲ್ಲ. ಅಳಿಸಿಹೋಗಿತ್ತು. ಅವಳಲ್ಲಿ ನನ್ನ ಮಗಳು ಇರಲಿಲ್ಲ ತಾಈ. ಯಾವತ್ತೋ ಹೋಗಿಬಿಟ್ಟಿದ್ದಳು.

ಆದರೆ ಡಬ್ಬಿಯಲ್ಲಿ ಯಾರಾದರೂ ಹೆಂಗಸು ದನಿ ಎತ್ತಿದರೆ ತಲೆ ಆ ಕಡೆ ತಿರುಗಿಸ್ತಿದ್ದಳು. ಚಹಾದವನ ಜೊತೆ ಒಬ್ಬಳು ಚೌಕಾಸಿ ಮಾಡಿದಳು, ತಿರುಗಿದಳು. ಯಾವುದೋ ಮುದುಕಿ ಕೆಮ್ಮಿದಳು, ತಿರುಗಿದಳು. ಪ್ರತಿ ಸಲ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಲ್ಲ ಅಂತ ತಲೆ ಇಳಿಸೋಳು. ನಾನು ಮಾತಾಡಿದಾಗಲೂ ತಿರುಗಿದಳು. ನಮ್ಮಿಬ್ಬರ ದನಿ ಒಂದೇ ಥರ ಅಂತಾರಲ್ಲ, ಅವಳು ಮೋಸ ಹೋಗಲಿಲ್ಲ. ಭುಸಾವಳ ದಾಟಿ ಬೆಳಕಾಗಿತ್ತು. ಹೊಲದಲ್ಲಿ ಯಾರೋ ಯಾರನ್ನೋ ಕೂಗಿದರು. ತಲೆ ಎತ್ತಿದಳು, ಇಳಿಸಲಿಲ್ಲ. ನನ್ನ ಕೈಮೇಲೆ ಹಾಗೇ ನಿಂತಿತು ತಲೆ.

ನನ್ನ ಮಡಿಲಲ್ಲಿ ನಿನ್ನನ್ನು ಹುಡುಕುತ್ತಾ ಸತ್ತಳು. ಇದನ್ನು ನಿನಗೆ ಹೇಳಬಾರದು ಅಂತಲೇ ಬದುಕಿದ್ದಾಳೆ ಅಂತ ಬರೆದೆ. ಇಷ್ಟು ದೊಡ್ಡದನ್ನು ನಿನಗೆ ಯಾಕೆ ಕೊಡಬೇಕು? ಈಗ ಕೊಟ್ಟಿದ್ದೀನಿ, ಯಾಕೆ ಅಂತ ಕೇಳಬೇಡ.

ಸುಕಟ ನಾನೇ ತಿಂದೆ. ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ಮೀನಿನ ಹೆಸರಿರಲಿಲ್ಲ. ಮೊದಲ ಪೊಟ್ಟಣವನ್ನು ಒಲೆಗೆ ಹಾಕೋಣ ಅಂತ ಬಿಚ್ಚಿದೆ, ವಾಸನೆಗೆ ತಡೆಯೋಕೆ ಆಗಲಿಲ್ಲ. ನೀನು ಬಿಟ್ಟು ಹೋದದ್ದೂ ಮುಗಿಯಿತು.

ಎಲ್ಲಿಟ್ಟೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಮುಗ್ಧಾಳ ಬೂದಿಯನ್ನು ಇವರು ನದಿಗೆ ಬಿಟ್ಟರು. ಹೋಗಿ ಕೂರೋಕೆ ನನಗೆ ಒಂದು ಗೇಣು ನೆಲವಿರಲಿಲ್ಲ. ಈಗಿದೆ. ನಡೆದುಕೊಂಡು ಹೋಗೋ ದೂರ. ಅಲ್ಲಿಗೆ ನೀನು ಬರೋದು ಬೇಡ.

ಶರಯೂ


ಮಾಲವಣ,
೨೨ ಜುಲೈ ೧೯೯೪

ಶರಯೂ,

ಉತ್ತರ ತಡವಾಯಿತು. ಸೂತಕ ಇತ್ತು.

ನಿನ್ನ ಕಾಗದವನ್ನು ಹೊಸ್ತಿಲಲ್ಲಿ ನಿಂತೇ ಓದಿದೆ. ಹೊಲದಲ್ಲಿ ಯಾರೋ ಕೂಗಿದರು ಅನ್ನೋ ಕಡೆ ಬಂದಾಗ ನನಗೇ ಗೊತ್ತಿಲ್ಲದೆ ಬಾಯಿಂದ ಒಂದು ಕೂಗು ಬಂತು. ಬೀದಿ ತುದಿಯವರೆಗೂ ಕೇಳಿಸಿತಂತೆ. ಕಾರ್ಮಿನಾ ಕೈಯಲ್ಲಿ ಮೀನಿನ ಪೊರೆ ಅಂಟಿಸಿಕೊಂಡೇ ಓಡಿ ಬಂದಳು. ಅವಳ ಹಿಂದೆ ನಾಲ್ಕು ಜನ. "ಏನಾಯ್ತು ಬಾಯೀ? ಯಾರು? ಯಾರು ಹೋದರು?" ಅಂತ ಭುಜ ಹಿಡಿದು ಅಲ್ಲಾಡಿಸಿದಳು.

ಬೆಕ್ಕು ಅಂತ ಹೇಳಲಾ? ಅದೂ ಏಪ್ರಿಲ್‌ನಲ್ಲಿ ಸತ್ತ ಬೆಕ್ಕು. ಎಲ್ಲರೂ ನಿಂತು ನೋಡ್ತಿದ್ದರು. ಬೆಕ್ಕಿಗೆ ಇಷ್ಟು ಅಳ್ತಾಳಾ ಅಂತ ಮನೆಗೆ ಹೋಗಿ ನಗ್ತಿದ್ದರು.

"ನನ್ನ ತಂಗಿ" ಅಂದೆ. "ರೈಲಲ್ಲಿ ಹೋಗ್ತಿದ್ದಳಂತೆ. ಅಲ್ಲೇ ತೀರಿಕೊಂಡಳಂತೆ."

ಹೇಳಿದ ಮೇಲೆ ಎಲ್ಲ ಸಲೀಸಾಯಿತು. ಹೆಂಗಸರು ಒಳಗೆ ಬಂದು ಚಾಪೆ ಹಾಸಿ ಕೂತರು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ಗಂಜಿ ತಂದು ಕುಡಿಸಿದರು. ಶಾಲೆಯ ಹಳೇ ಹೆಡ್‌ಮೇಡಂ ಕೋಲೂರಿಕೊಂಡು ಬಂದು "ಚಿಕ್ಕವಳು ಮುಂಚೆ ಹೋಗಬಾರದಿತ್ತು" ಅಂದರು. ಕಾರ್ಮಿನಾ ಇಗರ್ಜಿಯಲ್ಲಿ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚಿದಳು. ನಾನು ಹತ್ತು ದಿನ ಅತ್ತೆ. ಮನಸ್ಸು ಬಿಚ್ಚಿ, ದನಿ ತೆಗೆದು, ಜನರ ಮುಂದೆ. "ಕೊನೆಗೆ ನನ್ನನ್ನೇ ಹುಡುಕಿದಳಂತೆ, ನನ್ನ ದನಿಗೆ ಕಾದಳಂತೆ" ಅಂತ ಹೇಳಿಕೊಂಡು ಅತ್ತೆ. ಕೇಳಿದವರೆಲ್ಲ ಅತ್ತರು. ಇಷ್ಟು ಪ್ರೀತಿಯ ಅಕ್ಕತಂಗಿಯರನ್ನು ನೋಡಿಲ್ಲ ಅಂದರು.

ಹತ್ತನೇ ದಿನ ಸಮುದ್ರದ ದಂಡೆಯಲ್ಲಿ ಪಿಂಡ ಇಟ್ಟಾಯಿತು. ಕಾಗೆ ತಡ ಮಾಡದೆ ಮುಟ್ಟಿತು. ಹಾಗಾಗಿ ನಿನ್ನ ಋಣ ಇಲ್ಲಿ ಮುಗಿದಿದೆ. ಇನ್ನು ಈ ಊರಿಗೆ ಬರಬೇಡ, ಕಾಗದ ಬರೀಬೇಡ. ಅಂಚೆಯವನೂ ಬಂದು ಕೂತು ಹೋಗಿದ್ದಾನೆ, ನಿನ್ನ ಅಕ್ಷರ ನೋಡಿದರೆ ಹೆದರ್ತಾನೆ.

ಎಲ್ಲರೂ ಹೋದ ಮೇಲೆ ಕಾರ್ಮಿನಾ ಪಾತ್ರೆ ತೊಳೆಯುತ್ತಾ ಮೆಲ್ಲಗೆ ಕೇಳಿದಳು: "ಬಾಯೀ, ಹಾಗಾದರೆ ಚಿಂಗಿ? ಅವಳ ಗತಿ ಏನು?"

"ಚೆನ್ನಾಗಿದ್ದಾಳೆ. ನಾಗಪುರದಲ್ಲಿ ಪಕ್ಕದ ಮನೆಯವರು ಇಟ್ಟುಕೊಂಡಿದ್ದಾರೆ" ಅಂದೆ.

ಅವಳು ಒದ್ದೆ ಕೈಯಲ್ಲೇ ಶಿಲುಬೆ ಮಾಡಿಕೊಂಡು, "ಹೋಗಲಿ ಬಿಡಿ, ಅದೊಂದಾದರೂ ಉಳೀತಲ್ಲ" ಅಂದಳು.

ಕಾಲಿಂದಿ